ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಶಿವನಸಮುದ್ರದ ಜಮಾಖರ್ಚು

ಪ್ರಜೆಗಳ ಹಣವನ್ನು ವೆಚ್ಚಮಾಡಿ ಹಿಂದುಳಿದ ಸೀಮೆಗಳನ್ನು ಏಳಿಗೆಗೆ ತರಬೇಕೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಆದರೆ ಎರಡು ಸರಕಾರಗಳ ಎಲ್ಲೆಗಳು ಕೂಡುವ ಸ್ಥಳದಲ್ಲಿ ಇಂತಹ ಕಾರ್ಯಕ್ಕೆ ತಗಲುವ ವೆಚ್ಚವು ಬೊಕ್ಕಸದ ರೂಪಾಯಿಗಳಲ್ಲಿಯೇ ಮುಗಿಯುವುದಿಲ್ಲ. ನೆರೆಯವರ ಒಪ್ಪಿಗೆ, ನದಿಯ ಹಕ್ಕು, ದಡದ ಜನರ ದುಡಿಮೆ, ಇವುಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕಾಗುವುದು. ಈ ವಿಷಯದಲ್ಲಿ ನಮ್ಮ ನಾಡು ನೂರು ವರ್ಷಕ್ಕೂ ಹಿಂದೆಯೇ ಒಂದು ಪಾಠವನ್ನು ಕಲಿತಿದೆ. ಅದನ್ನು ಕಲಿತ ಸ್ಥಳ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ಕಲಿಸಿದವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಶೇಷಾದ್ರಿ ಅಯ್ಯರ್ ಅವರು 1845ನೆಯ ಇಸವಿ ಜೂನ್ 1ರಂದು ಪಾಲಘಾಟಿನ ಬಳಿಯ ಕುಮಾರಪುರದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ಬಿ.ಎ. ಪದವಿಯನ್ನು ಪಡೆದರು. 1868ರಲ್ಲಿ ರಂಗಾಚಾರ್ಲು ಅವರ ಮೂಲಕ ಮೈಸೂರಿನ ನೌಕರಿಗೆ ಬಂದರು. ಶ್ರೀರಂಗಪಟ್ಟಣದ ಸುತ್ತಣ ಸೀಮೆಯನ್ನೊಳಗೊಂಡ ಅಷ್ಟಗ್ರಾಮ ವಿಭಾಗದ ನ್ಯಾಯಶಾಖೆಯಲ್ಲಿ ಅವರಿಗೆ ಕೆಲಸ ದೊರೆಯಿತು. ಹೀಗಾಗಿ ಕಾವೇರಿಯ ದಡ ಅವರಿಗೆ ಮೊದಲಿನಿಂದಲೂ ಪರಿಚಿತವಾದುದು. 1883ರಲ್ಲಿ ರಂಗಾಚಾರ್ಲು ಅವರು ಕಾಲವಾದಾಗ ದಿವಾನಗಿರಿಯು ಇವರ ಪಾಲಿಗೆ ಬಂದಿತು. ಆಗ ಅವರಿಗಿನ್ನೂ 37 ವರ್ಷ ವಯಸ್ಸು. ಮುಂದೆ 18 ವರ್ಷಗಳ ಕಾಲ ಅವರೇ ಆ ಪದವಿಯಲ್ಲಿದ್ದರು.

ಅವರ ಕೈಗೆ ಬಂದ ಬೊಕ್ಕಸವು ಬಡ ಬೊಕ್ಕಸ. 1876ರಿಂದ 78ರವರೆಗಿನ ಮಹಾಕ್ಷಾಮವು ಸಂಸ್ಥಾನದ ಲಕ್ಷಾಂತರ ಜನರನ್ನು ನುಂಗಿತ್ತು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಬಂದಾಗ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವೂ ಅದರೊಡನೆ ಬಂದಿತು. ಇಷ್ಟು ಸಾಲದೆಂದು, ಬ್ರಿಟಿಷರಿಗೆ ವರ್ಷ ವರ್ಷವೂ ತೆರಬೇಕಾಗಿದ್ದ ಪೊಗದಿಯು 1896ರಲ್ಲಿ 24½ ಲಕ್ಷದಿಂದ 35 ಲಕ್ಷಕ್ಕೆ ಏರಿತು. ಇಂತಹ ಕಾಲದಲ್ಲಿಯೂ ಅವರು ರೈಲುಮಾರ್ಗಗಳನ್ನು ವಿಸ್ತರಿಸಿದರು. ಬೆಂಗಳೂರಿಗೆ ಹೆಸರಘಟ್ಟದ ನೀರನ್ನು ತರಿಸಿದರು. ಮಾರಿಕಣಿವೆಯ ಕಟ್ಟೆಯ ಕೆಲಸವನ್ನು ಆರಂಭಿಸಿದರು.

ಅವರ ಆಡಳಿತಕ್ಕೆ ಮೆಚ್ಚುಗೆಯಷ್ಟೇ ಆಕ್ಷೇಪಣೆಯೂ ಇದ್ದಿತು. ದೊಡ್ಡ ಹುದ್ದೆಗಳಿಗೆ ಮದರಾಸಿನ ಕಡೆಯವರನ್ನು ತುಂಬಿದರೆಂದು ಮೈಸೂರಿನವರು ಅಸಮಾಧಾನಪಟ್ಟರು. ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಪದ್ಧತಿಯನ್ನು ತಂದವರು ಅವರೇ. ಆದರೆ ಆ ಸಭೆಗೆ ಖರ್ಚಿನ ಮೇಲೆ ಅಧಿಕಾರವನ್ನು ಕೊಡಲಿಲ್ಲ. ಸದಸ್ಯರು ಅಹವಾಲನ್ನು ಹೇಳಬಹುದಾಗಿತ್ತೇ ಹೊರತು ಒಂದು ಕಾಸನ್ನೂ ತಡೆಯುವಂತಿರಲಿಲ್ಲ. 1894ರಲ್ಲಿ ಮಹಾರಾಜರು ಸ್ವರ್ಗಸ್ಥರಾಗಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾದ ಮೇಲೆ ದಿವಾನರ ಹೊಣೆಯು ಮತ್ತಷ್ಟು ಹೆಚ್ಚಿತು.

ಇನ್ನು ಶಿವನಸಮುದ್ರದ ವಿಚಾರ. ಅಲ್ಲಿ ಕಾವೇರಿಯು ಎರಡು ಕವಲಾಗಿ ಧುಮುಕುತ್ತದೆ. ಈಚೆಯ ದಡ ಮೈಸೂರಿನದು. ಆಚೆಯ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು. 1892ರಲ್ಲಿ ಮೈಸೂರು ಮದರಾಸುಗಳ ನಡುವೆ ಆದ ಒಪ್ಪಂದದಂತೆ, ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಈ ನದಿಗೆ ಹೊಸ ನೀರಾವರಿ ಕಟ್ಟೆಯನ್ನು ಕಟ್ಟುವ ಹಾಗಿರಲಿಲ್ಲ. ಆ ಒಪ್ಪಂದವು ನಡೆದುದು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ. ಗಡಿಸೀಮೆಯ ಅಭಿವೃದ್ಧಿಗೆ ನಾವು ತೆತ್ತ ಮೊದಲನೆಯ ಬೆಲೆ ಅದು. ಆದರೆ ಯಂತ್ರವನ್ನು ತಿರುಗಿಸಿದ ನೀರು ಮತ್ತೆ ನದಿಗೇ ಸೇರುತ್ತದೆ. ಹೊಲಕ್ಕೆ ಹರಿಸಲಾಗದ ನೀರಿನಿಂದ ಶಕ್ತಿಯನ್ನಾದರೂ ಪಡೆಯುವ ಮಾರ್ಗವೊಂದು ಉಳಿದಿತ್ತು.

ಆ ಜಲಪಾತದ ಮೇಲೆ ಪರದೇಶದ ಖಾಸಗಿ ಬಂಡವಾಳಗಾರರ ಕಣ್ಣೂ ಬಿದ್ದಿತ್ತು. ಅವರಿಗೆ ಹಕ್ಕನ್ನು ಕೊಟ್ಟಿದ್ದರೆ ಸರಕಾರಕ್ಕೆ ಖರ್ಚೂ ಇರಲಿಲ್ಲ, ಅಪಾಯವೂ ಇರಲಿಲ್ಲ. ಶೇಷಾದ್ರಿ ಅಯ್ಯರ್ ಅವರು ಆ ಸುಲಭದ ದಾರಿಯನ್ನು ಬಿಟ್ಟರು. ವಿದ್ಯುತ್ತಿನ ಕೆಲಸವು ಇನ್ನೂ ಹೊಸದಾಗಿದ್ದ ಆ ದಿನಗಳಲ್ಲಿ ಸಂಸ್ಥಾನದ ಹಣವನ್ನೇ ತೊಡಗಿಸಲು ನಿಶ್ಚಯಿಸಿ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿದರು. ಕೋಲಾರದ ಚಿನ್ನದ ಗಣಿಗಳ ಕಂಪೆನಿಯವರಿಂದ ಮುಂಚಿತವಾಗಿಯೇ ಕರಾರು ಬರೆಸಿಕೊಂಡು ಕೆಲಸವನ್ನು ಆರಂಭಿಸಿದರು. ಕೊಳ್ಳುವವನನ್ನು ಗೊತ್ತುಮಾಡಿಕೊಂಡು ಬೊಕ್ಕಸದ ಬಾಗಿಲನ್ನು ತೆರೆಯುವ ಆ ವಿವೇಕವು ಇಂದಿಗೂ ಅನುಕರಣೀಯವಾಗಿದೆ.

ಸಮುದ್ರವನ್ನು ದಾಟಿ ಬಂದ ಯಂತ್ರಗಳು ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದುವು. ಅಲ್ಲಿಂದ ಸುಮಾರು 30 ಮೈಲಿ ದೂರವನ್ನು ಎತ್ತಿನ ಗಾಡಿಗಳೂ ಆನೆಗಳೂ ಎಳೆದುವು. ಕೆಲಸದ ಸ್ಥಳದಲ್ಲಿ ಚಳಿಜ್ವರವು ಕೂಲಿಯವನೆಂದೂ ದೊರೆಯೆಂದೂ ನೋಡದೆ ಎಲ್ಲರನ್ನೂ ಕಾಡಿತು. 1902ನೆಯ ಇಸವಿ ಜೂನ್ 30ರಂದು 92 ಮೈಲಿ ದೂರದ ಗಣಿಗಳಿಗೆ ಶಕ್ತಿಯು ಹರಿಯಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗವು ಆಗ ಜಗತ್ತಿನಲ್ಲಿಯೇ ವಿರಳ. ಆದರೆ ಅದನ್ನು ಕಾಣುವ ಭಾಗ್ಯವು ಶೇಷಾದ್ರಿ ಅಯ್ಯರ್ ಅವರಿಗೆ ಲಭಿಸಲಿಲ್ಲ. ದೇಹಾಲಸ್ಯದಿಂದ ಅಧಿಕಾರವನ್ನು ಬಿಟ್ಟಿದ್ದ ಅವರು 1901ನೆಯ ಇಸವಿ ಸೆಪ್ಟೆಂಬರ್ 13ರಂದೇ ದೈವಾಧೀನರಾಗಿದ್ದರು.

ಈ ಕಾರ್ಯದ ಜಮೆಯ ಪಟ್ಟಿ ದೊಡ್ಡದೇ ಸರಿ. ಗಣಿಗಳಿಂದ ಸರಕಾರಕ್ಕೆ ನಿಶ್ಚಿತವಾದ ಆದಾಯವು ಬಂದಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಕೆಲವು ವರ್ಷಗಳಲ್ಲಿ ಮೈಸೂರಿಗೂ ದೀಪಗಳು ಬಂದುವು. ಆದರೆ ತಂತಿಯು ಯಾರ ಹೊಲಗಳ ಮೇಲೆ ಹಾದುಹೋಯಿತೋ ಆ ಮಳವಳ್ಳಿ ಸೀಮೆಯ ಹಳ್ಳಿಗಳು ದಶಕಗಳ ಕಾಲ ಎಣ್ಣೆಯ ಬುಡ್ಡಿಯಲ್ಲಿಯೇ ಬಾಳಿದುವು. ದೀಪದ ಬುಡದಲ್ಲಿ ಕತ್ತಲೆಯೆಂಬುದು ಅಲ್ಲಿ ಗಾದೆಯಾಗಿ ಉಳಿಯದೆ ದಿನನಿತ್ಯದ ಅನುಭವವಾಯಿತು.

ಖರ್ಚಿನ ಪಟ್ಟಿಯೂ ಅಲ್ಲಿಗೆ ನಿಲ್ಲಲಿಲ್ಲ. ಬೇಸಗೆಯಲ್ಲಿ ನದಿಯು ಸೊರಗಿದಾಗ ಗಣಿಗಳಿಗೆ ಒಪ್ಪಿದ ಶಕ್ತಿಯನ್ನು ಪೂರೈಸುವುದು ಕಷ್ಟವಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಲು ಈ ಕೊರತೆಯೂ ಒಂದು ಮುಖ್ಯ ಕಾರಣ. ಅದಕ್ಕಾಗಿ ಕನ್ನಂಬಾಡಿ ಮೊದಲಾದ ಗ್ರಾಮಗಳ ಜನರು ಮನೆಮಠಗಳನ್ನು ನೀರಿಗೆ ಒಪ್ಪಿಸಿದರು. ಮದರಾಸಿನೊಡನೆ ವರ್ಷಗಟ್ಟಲೆ ವ್ಯಾಜ್ಯವು ನಡೆದು 1924ರಲ್ಲಿ ಮತ್ತೊಂದು ಒಪ್ಪಂದವಾಯಿತು. ಆ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲನ್ನು ಮುಟ್ಟಿದುದು 1930ರ ಅನಂತರ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಶಿವನಸಮುದ್ರದ ಋಣದಲ್ಲಿ ಈ ಸೀಮೆಗೆ ಬರಬೇಕಾಗಿದ್ದ ಪಾಲು ಬರಲು 30 ವರ್ಷಗಳು ಹಿಡಿದುವು. ಅದು ಬಂದುದಾದರೂ ಬೇರೆ ದಿವಾನರ ಕಾಲದಲ್ಲಿ, ಬೇರೆ ಹಣದಿಂದ. ಇತ್ತ ಯಾವ ಗಣಿಗಳಿಗಾಗಿ ಮೊದಲು ಇದೆಲ್ಲ ನಡೆಯಿತೋ ಅವು 2001ರಲ್ಲಿ ಮುಚ್ಚಿಹೋದುವು. ಜಲಪಾತವು ಮಾತ್ರ ಪ್ರಜೆಗಳ ಸೊತ್ತಾಗಿಯೇ ಉಳಿಯಿತು.

ಇದರಿಂದ ಶೇಷಾದ್ರಿ ಅಯ್ಯರ್ ಅವರ ಹಿರಿಮೆಯೂ ಅವರ ಯೋಜನೆಯ ಕೊರತೆಯೂ ಒಟ್ಟಿಗೆ ಕಾಣುವುವು. ಸೊತ್ತು ಯಾರದಾಗಬೇಕೆಂಬ ಪ್ರಶ್ನೆಗೆ ಅವರು ದೃಢವಾದ ಉತ್ತರವನ್ನು ಕೊಟ್ಟರು. ಫಲದಲ್ಲಿ ದಡದವರ ಪಾಲೆಷ್ಟೆಂಬ ಪ್ರಶ್ನೆಯು ಅವರ ಕರಾರಿನಲ್ಲಿ ಏಳಲೇ ಇಲ್ಲ. ಅದನ್ನು ಎತ್ತಿ ಹಿಡಿಯುವ ಅಧಿಕಾರವುಳ್ಳ ಸಭೆಯೂ ಆಗ ಇರಲಿಲ್ಲ. ಈಗ ಚುನಾಯಿತ ಶಾಸನಸಭೆಗಳಿವೆ. ಖರ್ಚನ್ನು ತಡೆಯುವ ಹಕ್ಕೂ ಅವುಗಳಿಗೆ ಇದೆ. ಗಡಿನಾಡಿನ ಏಳಿಗೆಯ ಹೆಸರಿನಲ್ಲಿ ನೆಲ, ನೀರು, ರಿಯಾಯಿತಿಗಳನ್ನು ಕೊಡುವ ಅಧಿಕಾರಿಗಳು ಮೊದಲನೆಯ ಕಾಗದಕ್ಕೆ ರುಜು ಹಾಕುವ ಮುನ್ನವೇ ಆ ಊರಿನವರ ಪಾಲನ್ನು ಅದರಲ್ಲಿ ಬರೆಯಿಸಲಿ. ಮುಂದೆ ನೋಡೋಣವೆಂದು ಬಿಟ್ಟ ಪಾಲು ಕೈಗೆ ಬರುವುದಕ್ಕೆ ಒಂದು ತಲೆಮಾರು ಕಳೆಯುವುದೆಂಬುದನ್ನು ಮಳವಳ್ಳಿಯ ರೈತರು ಬಲ್ಲರು.