ಆರೋಗ್ಯವಂತ ಹುಳದ ಕರುಳಿನೊಳಗೆ ಇಣುಕಿದ ಮೇಷ್ಟ್ರು: ಜೋಸೆಫ್ ಲೀಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಾದ ನಾವು 8ನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇವೆ. ಪಾಶ್ಚರ್, ಫ್ಲೆಮಿಂಗ್ ಹೆಸರು ಹೇಳುತ್ತೇವೆ. ಮೊಸರು, ರೋಗ, ಲಸಿಕೆ ಎಂದು ಪಾಠ ಮುಗಿಯುತ್ತದೆ. ಆದರೂ ಮಕ್ಕಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿರುತ್ತದೆ: ಹೊಟ್ಟೆಯೊಳಗೆ ಬೇರೊಂದು ಜೀವಿ ಇದ್ದರೆ ಅದು ಕಾಯಿಲೆ, ಮಾತ್ರೆ ನುಂಗಬೇಕು. ಈ ತಿಳಿವಳಿಕೆಯನ್ನು ಸಡಿಲಿಸಲು ನನಗೆ ನೆರವಾದದ್ದು ಜೋಸೆಫ್ ಲೀಡಿಯವರ ಜೀವನ.

ಲೀಡಿ 1823ರ ಸೆಪ್ಟೆಂಬರ್ 9ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ತಂದೆಯದು ಟೋಪಿ ಮಾಡುವ ಕಸುಬು. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಹುಡುಗ ಚಿತ್ರ ಬಿಡಿಸುವುದರಲ್ಲಿ ಚುರುಕಾಗಿದ್ದುದರಿಂದ ಅವನನ್ನು ನಾಮಫಲಕ ಬರೆಯುವ ಕೆಲಸಕ್ಕೆ ಹಾಕಲು ತಂದೆ ಯೋಚಿಸಿದ್ದರು. ಮಲತಾಯಿ ಒಪ್ಪದೆ, ಓದಿಸಲೇಬೇಕೆಂದು ಪಟ್ಟು ಹಿಡಿದರು. ಲೀಡಿ 1844ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಆದರೆ ರೋಗಿಗಳನ್ನು ನೋಡುವ ವೃತ್ತಿ ಅವರಿಗೆ ಒಗ್ಗಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು, ಕಂಡದ್ದನ್ನು ಕಂಡಂತೆ ಬರೆದಿಡುವುದರಲ್ಲೇ ಅವರಿಗೆ ಸಂತೋಷ. ಚಿತ್ರ ಬಿಡಿಸುವ ಕೈ ಅಲ್ಲಿ ಉಪಯೋಗಕ್ಕೆ ಬಂತು.

ಅವರ ಎರಡು ಶೋಧಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1846ರಲ್ಲಿ ಅವರು ಹಂದಿಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಜಂತುಹುಳುವನ್ನು ಕಂಡು, ಮನುಷ್ಯರ ಸ್ನಾಯುವಿನಲ್ಲಿ ಕಂಡುಬಂದಿದ್ದ ಹುಳುವೂ ಇದೇ ಎಂದು ಗುರುತಿಸಿದರು. ಇದು ಹಾನಿ ಮಾಡುವ ಜೀವಿ. 1849ರಲ್ಲಿ ಸಹಸ್ರಪದಿಯ ಕರುಳನ್ನು ಬಿಡಿಸಿ ನೋಡಿದಾಗ, ಅದರ ಒಳಗೋಡೆಗೆ ಅಂಟಿಕೊಂಡು ಬೆಳೆದ ನವಿರಾದ ಎಳೆಗಳು ಕಂಡವು. ಅವುಗಳಲ್ಲಿ ಒಂದು ಬಗೆಗೆ ಆರ್ತ್ರೊಮೈಟಸ್ ಎಂದು ಹೆಸರಿಟ್ಟರು. ಅದು ಬ್ಯಾಕ್ಟೀರಿಯಾ ಎಂದು ಈಗ ನಮಗೆ ಗೊತ್ತು. ಆ ಕಾಲದಲ್ಲಿ ಇಂಥವನ್ನು ಸಸ್ಯಗಳೆಂದೇ ಎಣಿಸುತ್ತಿದ್ದರು. ಎಳೆಗಳು ಇದ್ದ ಸಹಸ್ರಪದಿಗಳಿಗೆ ಯಾವ ರೋಗವೂ ಇರಲಿಲ್ಲ. ಹಾಗಾಗಿ ಆರೋಗ್ಯವಂತ ಪ್ರಾಣಿಯೊಳಗೆ ಬೇರೆ ಜೀವಿಗಳು ಇರುವುದು ಸಹಜ ಸ್ಥಿತಿ ಎಂದು ಲೀಡಿ ತೀರ್ಮಾನಿಸಿದರು. ಪಾಶ್ಚರ್ ಮತ್ತು ಕಾಕ್ ರೋಗಾಣು ಸಿದ್ಧಾಂತವನ್ನು ನೆಲೆಗೊಳಿಸುವ ಮೊದಲೇ ಬಂದ ಮಾತಿದು. ಮೂರು ವರ್ಷಗಳ ಅಂತರದಲ್ಲಿ ಒಬ್ಬರೇ ಶತ್ರುವನ್ನೂ ಕಂಡರು, ಶತ್ರುವಲ್ಲದ ಒಳನಿವಾಸಿಯನ್ನೂ ಕಂಡರು.

1853ರಲ್ಲಿ ಲೀಡಿ ತಾವು ಓದಿದ ವಿಶ್ವವಿದ್ಯಾಲಯದಲ್ಲೇ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯವರೆಗೂ, ಅಂದರೆ 38 ವರ್ಷ, ಅದೇ ಹುದ್ದೆಯಲ್ಲಿದ್ದು ಪಾಠ ಹೇಳಿದರು. ನಡುವೆ 1858ರಲ್ಲಿ ಹ್ಯಾಡ್ರೊಸಾರಸ್ ಎಂಬ ಡೈನೊಸಾರ್‌ನ ಮೂಳೆಗಳನ್ನು ವಿವರಿಸಿ ಹೆಸರಾದರು. ಮುಂದೆ ಮೂಳೆಗಳಿಗಾಗಿ ಇಬ್ಬರು ವಿಜ್ಞಾನಿಗಳ ನಡುವೆ ಜಗಳ ಜೋರಾದಾಗ ಆ ಕ್ಷೇತ್ರದಿಂದ ದೂರ ಸರಿದು, ಕೊಳದ ನೀರಿನ ಏಕಕೋಶ ಜೀವಿಗಳ ಕಡೆ ತಿರುಗಿದರು.

ಅದೇ ದಿನಗಳಲ್ಲಿ, 1877ರ ಸುಮಾರಿಗೆ, ಗೆದ್ದಲು ಅವರ ಗಮನ ಸೆಳೆಯಿತು. ಹುಳದ ತೆಳುವಾದ ಮೈಯೊಳಗೆ ಕಂದುಬಣ್ಣದ ವಸ್ತು ಕಾಣುತ್ತಿತ್ತು. ಇದು ತಿನ್ನುವುದಾದರೂ ಏನು ಎಂದು ತಿಳಿಯಲು ಕರುಳನ್ನು ಬಿಡಿಸಿ ನೋಡಿದರು. ಮೇಲುಕೋಟೆಯ ವೈರಮುಡಿ ಜಾತ್ರೆಯ ಜನದಂತೆ ಏಕಕೋಶ ಜೀವಿಗಳು ಕಿಕ್ಕಿರಿದು ಹೊರಬಂದವು. ಅವುಗಳಲ್ಲಿ ಒಂದಕ್ಕೆ ಟ್ರೈಕೊನಿಂಫಾ ಎಂದು ಹೆಸರಿಟ್ಟರು. 1881ರ ಬರಹದಲ್ಲಿ ಅವರು ಇವನ್ನು ಪರಾವಲಂಬಿಗಳೆಂದೇ ಕರೆದರು. ಅವು ಗೆದ್ದಲಿಗೆ ಉಪಕಾರಿಗಳು ಎಂಬುದು ಅವರ ಕಾಲಕ್ಕೆ ತಿಳಿಯಲಿಲ್ಲ. ಲೀಡಿ 1891ರ ಏಪ್ರಿಲ್ 30ರಂದು ತೀರಿಕೊಂಡರು. 1920ರ ದಶಕದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ ಗೆದ್ದಲಿನ ಕರುಳಿನಿಂದ ಈ ಜೀವಿಗಳನ್ನು ತೆಗೆದುಹಾಕಿದಾಗ, ಹುಳಗಳು ಮರ ತಿಂದರೂ ಅದು ಜೀರ್ಣವಾಗದೆ ಕೆಲವೇ ವಾರಗಳಲ್ಲಿ ಸತ್ತವು. ಜೀವಿಗಳನ್ನು ಮತ್ತೆ ಸೇರಿಸಿದಾಗ ಬದುಕಿದವು.

ನಮ್ಮ ಕಡೆ ಒದ್ದೆ ಕಲ್ಲನ್ನೋ ಕಬ್ಬಿನ ಗದ್ದೆಯ ತರಗನ್ನೋ ಎತ್ತಿದರೆ ಹದಿನಾಲ್ಕು ಕಾಲಿನ ಬೂದುಬಣ್ಣದ ಪುಟ್ಟ ಹುಳಗಳು ಓಡಾಡುತ್ತವೆ. ಕೆಲವು ಮುಟ್ಟಿದರೆ ಗುಂಡಗೆ ಸುರುಳಿಯಾಗುತ್ತವೆ. ಇವು ಕೀಟಗಳಲ್ಲ, ಏಡಿ ಮತ್ತು ಸೀಗಡಿಯ ನೆಂಟರು. ಲೀಡಿ ಕಂಡಂಥ ಎಳೆಗಳು ಈ ಗುಂಪಿನ ಹುಳಗಳ ಕರುಳಿನಲ್ಲೂ ಸಿಕ್ಕಿವೆ. ಇವುಗಳ ಜೀರ್ಣಗ್ರಂಥಿಯಲ್ಲಿ ವಾಸಿಸುವ ಎರಡು ಬ್ಯಾಕ್ಟೀರಿಯಾಗಳಿಗೆ 2004ರಲ್ಲಿ ಹೆಪಟೊಪ್ಲಾಸ್ಮಾ, ಹೆಪಟಿಂಕೋಲಾ ಎಂದು ಹೆಸರಿಡಲಾಯಿತು. ಸಾರವಿಲ್ಲದ ಒಣ ಎಲೆಯೇ ಆಹಾರವಾದಾಗ ಹೆಪಟೊಪ್ಲಾಸ್ಮಾ ಇರುವ ಹುಳಗಳು ಹೆಚ್ಚು ಬದುಕುಳಿಯುತ್ತವೆ.

ಈ ಪಾಠ ಮಾಡುವ ಗೆಳೆಯರಿಗೆ ಎರಡು ಮಾತು. ಮೊದಲನೆಯದು, ನಮ್ಮ ಹೊಲದ ಹುತ್ತದ ಗೆದ್ದಲಿನಲ್ಲಿ ಟ್ರೈಕೊನಿಂಫಾ ಸಿಗುವುದಿಲ್ಲ. ಹುತ್ತ ಕಟ್ಟುವ ನಮ್ಮ ಗೆದ್ದಲು ತನ್ನ ಗೂಡಿನಲ್ಲಿ ಶಿಲೀಂಧ್ರ ಬೆಳೆಸುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅದರದ್ದೇ. ಕೂಡಿ ಬಾಳುವುದಕ್ಕೆ ಇದು ಇನ್ನೊಂದು ಉದಾಹರಣೆ, ಮಕ್ಕಳು ಕಂಡಿರುವ ಉದಾಹರಣೆ. ಎರಡನೆಯದು, ಹುಳ ಕುಯ್ಯುವ ಅಗತ್ಯವಿಲ್ಲ. ಗಾಜಿನ ಭರಣಿಯಲ್ಲಿ ಒದ್ದೆ ಮಣ್ಣು, ಒಣ ಎಲೆ ಹಾಕಿ ಹತ್ತು ಹುಳ ಬಿಟ್ಟು ನೋಡಿದರೆ ಸಾಕು. ಎಲೆ ಬಲೆಯಂತಾಗುವುದನ್ನು ಮಕ್ಕಳು ದಿನವೂ ಚಿತ್ರ ಬರೆದು ದಾಖಲಿಸಲಿ. ಆಮೇಲೆ ಹುಳಗಳನ್ನು ಅದೇ ಜಾಗಕ್ಕೆ ಬಿಡಲಿ.

ಜಂತುಹುಳು ನಿವಾರಣಾ ದಿನ ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಮಕ್ಕಳು ತಪ್ಪದೆ ತೆಗೆದುಕೊಳ್ಳಬೇಕು; 1846ರ ಲೀಡಿ ಹೇಳುವುದು ಅದನ್ನೇ. ಹೊಟ್ಟೆಯೊಳಗಿನ ಎಲ್ಲವೂ ಜಂತುಹುಳುವಲ್ಲ ಎಂಬುದು 1849ರ ಲೀಡಿಯ ಪಾಠ. ಒಂದೇ ಅವಧಿಯಲ್ಲಿ ಇವೆರಡನ್ನೂ ಹೇಳಿದರೆ, ಸೂಕ್ಷ್ಮಜೀವಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಬದಲು, ಅದು ಯಾವುದು, ಎಲ್ಲಿದೆ, ಏನು ಮಾಡುತ್ತಿದೆ ಎಂದು ಮಕ್ಕಳು ಕೇಳಲು ಕಲಿಯುತ್ತಾರೆ.