ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (15 ಸೆಪ್ಟೆಂಬರ್ 1861 – 14 ಏಪ್ರಿಲ್ 1962) ಭಾರತದ ಪ್ರಸಿದ್ಧ ಸಿವಿಲ್ ಎಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು ಹಾಗೂ ಭಾರತರತ್ನ ಪುರಸ್ಕೃತರು. ಸರ್ ಎಂ.ವಿ. ಎಂಬ ಹೆಸರಿನಿಂದಲೂ ಪರಿಚಿತರು. ಕನ್ನಡ ನಾಡಿನಲ್ಲಿ ಅವರ ಹೆಸರು ಮುಖ್ಯವಾಗಿ ಕೃಷ್ಣರಾಜಸಾಗರ ಅಣೆಕಟ್ಟಿನೊಂದಿಗೆ ಸೇರಿಕೊಂಡಿದೆ. ಅದಕ್ಕೂ ಮೊದಲೇ, 1903ರಲ್ಲಿ, ಜಲಾಶಯದ ನೀರು ಅಪಾಯದ ಮಟ್ಟಕ್ಕೆ ಏರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಸ್ವಯಂಚಾಲಿತ ಗೇಟುಗಳನ್ನು ಅವರು ರೂಪಿಸಿದ್ದರು. ಯಂತ್ರದ ಸುರಕ್ಷತೆಯನ್ನು ಕಾವಲುಗಾರನ ಎಚ್ಚರಕ್ಕೆ ಮಾತ್ರ ಬಿಡದೆ ಯಂತ್ರದ ರಚನೆಯಲ್ಲೇ ಅಳವಡಿಸಿದ ಪ್ರಯತ್ನಗಳಲ್ಲಿ ಇದು ಭಾರತದ ಮಟ್ಟಿಗೆ ಗಮನಾರ್ಹವಾದುದು.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಕೆಲವು ಗ್ರಂಥಗಳಲ್ಲಿ ಜನನ ವರ್ಷವನ್ನು 1860 ಎಂದು ನಮೂದಿಸಲಾಗಿದೆ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಅವರ ಪೂರ್ವಜರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಗ್ರಾಮದವರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಭ್ಯಾಸ ಮಾಡಿ, 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು.

ಮುಂಬಯಿ ಪ್ರಾಂತ್ಯದಲ್ಲಿ ಸೇವೆ

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನಾಸಿಕದಲ್ಲಿ ವೃತ್ತಿಜೀವನ ಆರಂಭಿಸಿದರು. ಸಿಂಧ್ ಪ್ರಾಂತ್ಯದ ಸಕ್ಕರ್ ನಗರಕ್ಕೆ ನೀರು ಪೂರೈಸುವ ಯೋಜನೆಯನ್ನು ಪೂರ್ಣಗೊಳಿಸಿದರು. ದಖನ್ ಭಾಗದ ಕಾಲುವೆಗಳಲ್ಲಿ ನೀರಿನ ಮಿತವಾದ ಹಂಚಿಕೆಗಾಗಿ ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. 1906ರಲ್ಲಿ ಏಡನ್ ಬಂದರಿನ ನೀರು ಸರಬರಾಜಿನ ಬಗ್ಗೆ ವರದಿ ಸಲ್ಲಿಸಿದರು.

ಸ್ವಯಂಚಾಲಿತ ಗೇಟುಗಳು

ಪುಣೆಯ ಸಮೀಪ ಮುಠಾ ನದಿಗೆ ಅಡ್ಡಲಾಗಿ ಕಟ್ಟಿದ ಖಡಕ್‌ವಾಸ್ಲಾ ಜಲಾಶಯವು ಪುಣೆ ನಗರದ ಕುಡಿಯುವ ನೀರಿಗೂ ಕಾಲುವೆಗಳಿಗೂ ಆಧಾರವಾಗಿತ್ತು. ಮಳೆಗಾಲದಲ್ಲಿ ಪ್ರವಾಹದ ನೀರು ಅದರ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಗೆ ಹೆಚ್ಚಿನ ನೀರು ಉಳಿಸಿಕೊಳ್ಳಲು ಪ್ರತಿವರ್ಷ ಮಳೆಗಾಲದ ಕೊನೆಯಲ್ಲಿ ಕೋಡಿಯ ಮೇಲೆ ತಾತ್ಕಾಲಿಕ ಮಣ್ಣಿನ ಒಡ್ಡು ಹಾಕುವ ರೂಢಿಯಿತ್ತು. ಒಡ್ಡನ್ನು ತಡವಾಗಿ ಹಾಕಿದರೆ ನೀರು ನಷ್ಟವಾಗುತ್ತಿತ್ತು. ಬೇಗ ಹಾಕಿದ ಮೇಲೆ ದೊಡ್ಡ ಮಳೆ ಬಂದರೆ ನೀರಿಗೆ ದಾರಿಯಿಲ್ಲದೆ ಕಟ್ಟೆಗೇ ಅಪಾಯವಿತ್ತು.

ವಿಶ್ವೇಶ್ವರಯ್ಯನವರು ಅಣೆಕಟ್ಟಿನ ಎತ್ತರವನ್ನು ಹೆಚ್ಚಿಸದೆ, ಕೋಡಿಯ ಮೇಲೆ ಗೇಟುಗಳನ್ನು ಅಳವಡಿಸಿ ಸಂಗ್ರಹವನ್ನು ಸುಮಾರು 8 ಅಡಿಗಳಷ್ಟು ಏರಿಸಿದರು. ಹಿಂದೆ ಪ್ರವಾಹ ಮುಟ್ಟಿದ್ದ ಗರಿಷ್ಠ ಮಟ್ಟದವರೆಗೆ ಗೇಟುಗಳು ನೀರನ್ನು ತಡೆದು ನಿಲ್ಲಿಸುತ್ತಿದ್ದವು. ಆ ಮಟ್ಟ ಮೀರಿದ ಕೂಡಲೇ ತಾವಾಗಿ ತೆರೆದು ಹೆಚ್ಚುವರಿ ನೀರನ್ನು ಹೊರಬಿಡುತ್ತಿದ್ದವು. ನೀರು ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಗೇಟಿನ ಭಾರ, ಅದನ್ನು ಸರಿದೂಗಿಸುವ ಪ್ರತಿಭಾರ ಮತ್ತು ನೀರಿನ ಬಲ ಇವುಗಳ ಸಮತೋಲನವೇ ಈ ವ್ಯವಸ್ಥೆಯ ತಿರುಳು. ಇದಕ್ಕೆ ವಿದ್ಯುತ್ತಾಗಲಿ, ಉಗಿಯಾಗಲಿ, ರಾತ್ರಿಯ ಮಳೆಯಲ್ಲಿ ಗೇಟಿನ ಬಳಿ ನಿಲ್ಲುವ ಆಳಾಗಲಿ ಬೇಕಿರಲಿಲ್ಲ. ಅಪಾಯದ ಸೂಚನೆ ಕೊಡುವುದೂ ನೀರೇ, ಗೇಟನ್ನು ನಡೆಸುವ ಶಕ್ತಿಯೂ ನೀರೇ ಆಗಿತ್ತು. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿನಲ್ಲೂ ಕೃಷ್ಣರಾಜಸಾಗರದಲ್ಲೂ ಇದೇ ಬಗೆಯ ಗೇಟುಗಳನ್ನು ಅಳವಡಿಸಲಾಯಿತು.

ಕರ್ನಾಟಕದ ಕೆರೆಗಳಲ್ಲಿ ಮೊದಲಿನಿಂದಲೂ ಎರಡು ವ್ಯವಸ್ಥೆಗಳಿದ್ದವು. ತೂಬನ್ನು ನೀರುಗಂಟಿಯು ಕೈಯಿಂದ ತೆರೆದು ಮುಚ್ಚುತ್ತಿದ್ದನು. ಕೋಡಿಯು ಕಾವಲಿಲ್ಲದೆಯೇ ಹರಿಯುತ್ತಿದ್ದರೂ ಅದರ ಎತ್ತರ ಬದಲಾಗುವಂತಿರಲಿಲ್ಲ. ವಿಶ್ವೇಶ್ವರಯ್ಯನವರ ಗೇಟು ಇವೆರಡರ ಗುಣಗಳನ್ನು ಕೂಡಿಸಿತು: ತೂಬಿನಂತೆ ನೀರನ್ನು ಹಿಡಿದಿಟ್ಟಿತು, ಕೋಡಿಯಂತೆ ಯಾರ ಅಪ್ಪಣೆಗೂ ಕಾಯದೆ ಬಿಟ್ಟುಕೊಟ್ಟಿತು.

ಹೈದರಾಬಾದಿನ ಪ್ರವಾಹ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಆಹ್ವಾನಿಸಿತು. ನಗರದೊಳಗೆ ಗೋಡೆ ಕಟ್ಟುವುದಷ್ಟೇ ಸಾಲದೆಂದೂ, ಪ್ರವಾಹವನ್ನು ನಗರದ ಮೇಲ್ಭಾಗದಲ್ಲೇ ಜಲಾಶಯಗಳಲ್ಲಿ ತಡೆದು ನಿಧಾನವಾಗಿ ಬಿಡಬೇಕೆಂದೂ ಅವರು ಸಲಹೆ ನೀಡಿದರು. ಅದರಂತೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ನಿರ್ಮಾಣಗೊಂಡವು.

ಮೈಸೂರು ಸಂಸ್ಥಾನದಲ್ಲಿ

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಸೇವೆ ಸಲ್ಲಿಸಿದರು. ಅವರ ಅವಧಿಯಲ್ಲಿ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915) ಮತ್ತು ಮೈಸೂರು ವಿಶ್ವವಿದ್ಯಾನಿಲಯ (1916) ಸ್ಥಾಪನೆಯಾದವು. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದರ ಪುನಶ್ಚೇತನಕ್ಕೆ ದುಡಿದರು.

ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ ಕಟ್ಟಿದ ಈ ಅಣೆಕಟ್ಟು ಮಂಡ್ಯ ಸೀಮೆಯ ವ್ಯವಸಾಯಕ್ಕೂ ಬೆಂಗಳೂರು, ಮೈಸೂರು ನಗರಗಳ ಕುಡಿಯುವ ನೀರಿಗೂ ಆಧಾರವಾಯಿತು. ಮಳೆಗಾಲದಲ್ಲಿ ಅದು ಕಾವೇರಿಯ ಜತೆಗೆ ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳ ಪ್ರವಾಹವನ್ನೂ ತಾಳಿಕೊಳ್ಳಬೇಕಾಗಿತ್ತು. ಗೇಟುಗಳು ಸಕಾಲದಲ್ಲಿ ತೆರೆಯುವುದು ಇಲ್ಲಿ ಅಣೆಕಟ್ಟಿನ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಹಾಸನ ಸೀಮೆಯೊಂದಿಗೆ ಸಂಬಂಧ

ಬೇಲೂರಿನ ಪಕ್ಕದಲ್ಲಿ ಹರಿಯುವ ಯಗಚಿಯು ಹೇಮಾವತಿಯ ಉಪನದಿ. ಹೀಗಾಗಿ ಬೇಲೂರು ಸೀಮೆಯಲ್ಲಿ ಸುರಿದ ಮಳೆಯ ಒಂದು ಭಾಗ ಅಂತಿಮವಾಗಿ ಕೃಷ್ಣರಾಜಸಾಗರದ ಗೇಟುಗಳನ್ನು ತಲುಪುತ್ತದೆ. ಈ ಸೀಮೆಗೆ ನೀರಿನ ನಿರ್ಮಾಣ ಹೊಸತಲ್ಲ. ಹಳೇಬೀಡಿನ ಪ್ರಾಚೀನ ಹೆಸರಾದ ದೋರಸಮುದ್ರ ಅಲ್ಲಿನ ವಿಶಾಲ ಕೆರೆಯನ್ನು ನೆನಪಿಸುತ್ತದೆ; ಅರಸೀಕೆರೆಯ ಹೆಸರು ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಬಂದಿತೆಂಬುದು ಪ್ರತೀತಿ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಸಂಸ್ಥಾನವು ಕೈಗೊಂಡ ರೈಲ್ವೆ ವಿಸ್ತರಣೆಯಲ್ಲಿ ಹಾಸನದ ಮೂಲಕ ಹೋಗುವ ಮೈಸೂರು–ಅರಸೀಕೆರೆ ಮಾರ್ಗವು ಮುಖ್ಯವಾದುದು. ಅದರಿಂದ ಹಾಸನ ಸೀಮೆಗೆ ಮೈಸೂರು ಮತ್ತು ಬೆಂಗಳೂರು–ಪುಣೆ ಮಾರ್ಗ ಎರಡರ ಸಂಪರ್ಕವೂ ಒದಗಿತು.

ತತ್ತ್ವದ ಮಹತ್ವ ಮತ್ತು ಮಿತಿ

ಇಂದಿನ ಕಾರ್ಖಾನೆಗಳ ಮೋಟಾರು ಚಾಲಿತ ಬಾಗಿಲುಗಳ ಅಂಚಿನಲ್ಲಿ ಒತ್ತಡವನ್ನು ಗ್ರಹಿಸುವ ರಬ್ಬರ್ ಪಟ್ಟಿಗಳಿರುತ್ತವೆ. ಇಳಿಯುವ ಬಾಗಿಲು ಮನುಷ್ಯನಿಗೋ ವಾಹನಕ್ಕೋ ತಗುಲಿದರೆ ಪಟ್ಟಿ ಅದುಮಿ, ಮೋಟಾರು ನಿಂತು ಬಾಗಿಲು ಹಿಂದೆ ಸರಿಯುತ್ತದೆ. ಯಂತ್ರಗಳ ಸುತ್ತ ಹಾಸುವ ಸುರಕ್ಷತಾ ಚಾಪೆಗಳೂ ಹೀಗೆಯೇ ಕೆಲಸ ಮಾಡುತ್ತವೆ. ಇವು ವಿಶ್ವೇಶ್ವರಯ್ಯನವರ ಗೇಟಿನಿಂದ ಹುಟ್ಟಿದವಲ್ಲ. ಇವುಗಳ ರಚನೆಯೂ ಬೇರೆ. ಆದರೆ ಅಪಾಯವೇ ಸೂಚನೆಯಾಗಿ, ಯಾರ ಅಪ್ಪಣೆಗೂ ಕಾಯದೆ ಯಂತ್ರವು ಸುರಕ್ಷಿತ ಸ್ಥಿತಿಗೆ ಬರಬೇಕು ಎಂಬ ತತ್ತ್ವ ಎರಡಕ್ಕೂ ಸಮಾನ.

ಇಂಥ ಸಾಧನ ತನ್ನ ವಿನ್ಯಾಸದ ಮಿತಿಯೊಳಗೆ ಮಾತ್ರ ರಕ್ಷಣೆ ನೀಡಬಲ್ಲದು. 1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ರಭಸಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು, ಪುಣೆ ನಗರದ ಬಹುಭಾಗ ಜಲಾವೃತವಾಯಿತು. ಅಣೆಕಟ್ಟನ್ನು ಬಳಿಕ ಪುನರ್ನಿರ್ಮಿಸಲಾಯಿತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿನಲ್ಲಿ ಗೇಟು ಎಷ್ಟು ಸೂಕ್ಷ್ಮವಾದ ಅಂಗವೆಂಬುದನ್ನೂ, ಅದಕ್ಕೆ ನಿರಂತರ ಪಾಲನೆ ಅಗತ್ಯವೆಂಬುದನ್ನೂ ಈ ಘಟನೆ ಮತ್ತೆ ತೋರಿಸಿತು.

ಗೌರವಗಳು ಮತ್ತು ನಿಧನ

1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ನೈಟ್ ಪದವಿಯನ್ನೂ, 1955ರಲ್ಲಿ ಭಾರತ ಸರ್ಕಾರ ಭಾರತರತ್ನವನ್ನೂ ನೀಡಿ ಗೌರವಿಸಿದವು. ಅವರ ಗ್ರಂಥಗಳಲ್ಲಿ 1934ರಲ್ಲಿ ಪ್ರಕಟವಾದ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಕೃತಿಯೂ 1951ರ ವೃತ್ತಿಜೀವನದ ನೆನಪುಗಳೂ ಮುಖ್ಯವಾದವು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಭಾರತದಲ್ಲಿ ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತದೆ.