ಕೇಳಲು ಮರೆತ ಒಂದು ಪ್ರಶ್ನೆ



ರಾಝಿ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಕುರ್‌ಆನ್ ವ್ಯಾಖ್ಯಾನಕಾರ ಇಮಾಮ್ ಫಖ್ರುದ್ದೀನ್ ರಾಝಿಯವರ ನೆನಪಾಗಬಹುದು. ನಾನಿಲ್ಲಿ ಹೇಳಹೊರಟಿರುವುದು ಅವರಿಗಿಂತ ಸುಮಾರು ಮೂರು ಶತಮಾನ ಮೊದಲು ಅದೇ ರೈ ಪಟ್ಟಣದಲ್ಲಿ ಹುಟ್ಟಿದ ವೈದ್ಯ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ರಾಝಿಯವರ ಬಗ್ಗೆ. ಹಿಜರಿ 251ರಲ್ಲಿ, ಅಂದರೆ ಕ್ರಿ.ಶ. 865ರಲ್ಲಿ ಅವರು ಜನಿಸಿದರು. ರೈ ಇಂದಿನ ತೆಹರಾನಿಗೆ ಹೊಂದಿಕೊಂಡಿದೆ. ಅವರು ಮೊದಲು ಅಲ್ಲಿನ ಆಸ್ಪತ್ರೆಗೂ ಬಳಿಕ ಬಗ್ದಾದಿನ ಆಸ್ಪತ್ರೆಗೂ ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರಗಳ ಲಕ್ಷಣಗಳನ್ನು ಬೇರ್ಪಡಿಸಿ ಅವರು ಬರೆದ ಗ್ರಂಥ ಜಗತ್ಪ್ರಸಿದ್ಧ.

ಅವರ ಕೆಲವು ತಾತ್ವಿಕ ವಿಚಾರಗಳನ್ನು ಮುಸ್ಲಿಮ್ ವಿದ್ವಾಂಸರು ಬಲವಾಗಿ ಖಂಡಿಸಿದ್ದಾರೆ. ಆ ಚರ್ಚೆ ಬೇರೆ. ರೋಗಿಯ ಮುಂದೆ ಕುಳಿತಾಗ ಅವರು ಹೇಗಿದ್ದರು ಎಂಬುದರಲ್ಲಿ ಮಾತ್ರ ನಮಗೆಲ್ಲರಿಗೂ ಪಾಠವಿದೆ.

ಅವರ ಸಭೆಯ ಚಿತ್ರವನ್ನು ಇತಿಹಾಸಕಾರ ಇಬ್ನುನ್ನದೀಮ್ ನೀಡಿದ್ದಾರೆ. ಮುಂದೆ ಶಿಷ್ಯರು, ಅವರ ಮುಂದೆ ಶಿಷ್ಯರ ಶಿಷ್ಯರು. ಬಂದ ರೋಗಿ ತನ್ನ ಕಷ್ಟವನ್ನು ಮೊದಲು ಎದುರಾದವರಿಗೆ ಹೇಳುತ್ತಿದ್ದ. ಅವರಿಗೆ ತಿಳಿಯದಿದ್ದರೆ ಮುಂದಿನವರಿಗೆ. ಯಾರಿಗೂ ತಿಳಿಯದಿದ್ದಾಗ ರಾಝಿಯವರು ಮಾತನಾಡುತ್ತಿದ್ದರು. ಬಡ ರೋಗಿಗಳ ಖರ್ಚಿಗೆ ಅವರೇ ಹಣ ಕೊಟ್ಟು, ತಾವೇ ಆರೈಕೆ ಮಾಡುತ್ತಿದ್ದರು. ವೈದ್ಯರು ಸಿಗದವರಿಗಾಗಿಯೇ, ಸುಲಭವಾಗಿ ದೊರೆಯುವ ಔಷಧಿಗಳನ್ನು ತಿಳಿಸುವ ಒಂದು ಪುಸ್ತಕವನ್ನೂ ಬರೆದರು.

ರೋಗಿಗೆ ಗುಣವಾಗುವ ಭರವಸೆಯನ್ನು ವೈದ್ಯನು ತುಂಬುತ್ತಲೇ ಇರಬೇಕು, ಸ್ವತಃ ತನಗೆ ಖಾತ್ರಿ ಇಲ್ಲದಾಗಲೂ ಕೂಡಾ, ಎಂಬುದು ಅವರ ನಿಲುವು. ದೇಹದ ಸ್ಥಿತಿ ಮನಸ್ಸಿನ ಸ್ಥಿತಿಯನ್ನು ಹಿಂಬಾಲಿಸುತ್ತದೆಂದು ಅವರು ಕಂಡುಕೊಂಡಿದ್ದರು. ಯೋಚಿಸಿ ನೋಡಿ: ಶಮನ ನೀಡುವವನು ಅಲ್ಲಾಹನೆಂದು ನಂಬಿದವನಿಗೆ, ಒಬ್ಬನ ನಿರೀಕ್ಷೆಯ ಬಾಗಿಲನ್ನು ಮುಚ್ಚುವ ಅಧಿಕಾರ ಎಲ್ಲಿದೆ?

ಆದರೆ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಘಟನೆ. ಅಬ್ದುಲ್ಲಾ ಬಿನ್ ಸವಾದ ಎಂಬವರಿಗೆ ಪದೇ ಪದೇ ಜ್ವರ ಬರುತ್ತಿತ್ತು. ಒಮ್ಮೆ ದಿನಾಲೂ, ಇನ್ನೊಮ್ಮೆ ದಿನ ಬಿಟ್ಟು ದಿನ. ಜೊತೆಗೆ ತುಸು ನಡುಕ, ಆಗಾಗ ಮೂತ್ರಬಾಧೆ. ಇದು ಎರಡೆರಡು ದಿನ ಬಿಟ್ಟು ಮರುಕಳಿಸುವ ಜ್ವರವಾಗಿ ತಿರುಗಬಹುದು, ಇಲ್ಲವೇ ಮೂತ್ರಪಿಂಡದಲ್ಲಿ ಕೀವು ಇರಬಹುದು ಎಂದು ರಾಝಿಯವರು ಅಂದಾಜಿಸಿದರು. ಖಚಿತವಾಗಿ ಹೇಳಲಾಗಲಿಲ್ಲ. ಸ್ವಲ್ಪ ಸಮಯದಲ್ಲೇ ಮೂತ್ರದಲ್ಲಿ ಕೀವು ಕಾಣಿಸಿತು. ಔಷಧಿ ನೀಡಿದರು, ಸುಮಾರು ಎರಡು ತಿಂಗಳಲ್ಲಿ ರೋಗಿ ಗುಣಮುಖರಾದರು.

ಬೇರೆ ಯಾರಾದರೂ ಆಗಿದ್ದರೆ ಈ ಯಶಸ್ಸನ್ನು ಹೇಳಿಕೊಂಡು ತಿರುಗುತ್ತಿದ್ದರು. ರಾಝಿಯವರು ಮಾಡಿದ್ದೇನು? ತಮ್ಮ ಸ್ವಂತ ಟಿಪ್ಪಣಿಯಲ್ಲಿ, ಮೊದಲೇ ಖಚಿತವಾಗಿ ಹೇಳಲು ತನಗೇಕೆ ಆಗಲಿಲ್ಲವೆಂದು ವಿಚಾರಣೆ ಮಾಡಿದರು. ಎದ್ದು ನಿಂತಾಗ ಸೊಂಟದಲ್ಲಿ ಭಾರ ತೂಗಿದಂತಾಗುತ್ತದೆಂದು ರೋಗಿ ಹೇಳಿರಲಿಲ್ಲ. ಕೇಳಲು ತಾನೂ ಮರೆತೆ ಎಂದು ಬರೆದಿಟ್ಟರು.

ಆ ಟಿಪ್ಪಣಿಗಳನ್ನು ಶಿಷ್ಯರು ಅಲ್ ಹಾವೀ ಎಂಬ ಬೃಹತ್ ಗ್ರಂಥವಾಗಿ ಸಂಗ್ರಹಿಸಿದ್ದು ಅವರ ಮರಣಾನಂತರ. ಯಾರ ಹೊಗಳಿಕೆಯ ನಿರೀಕ್ಷೆಯೂ ಇಲ್ಲದೆ, ಯಾರೂ ಬೊಟ್ಟು ಮಾಡದಿದ್ದಾಗಲೂ ತನ್ನ ಕೊರತೆಯನ್ನು ತಾನೇ ದಾಖಲಿಸುವುದು, ಅದನ್ನಲ್ಲವೇ ನಾವು ಮುಹಾಸಬ, ಆತ್ಮವಿಮರ್ಶೆ ಎನ್ನುವುದು? ಶಿಕ್ಷಕನಾದ ನನಗೆ ಇದರ ಕಷ್ಟ ಗೊತ್ತು. ಪುಟ್ಟ ವಿದ್ಯಾರ್ಥಿಯ ಮುಂದೆಯೂ, ತಪ್ಪು ನನ್ನದೆಂದು ಹೇಳಲು ನಾಲಗೆ ಹಿಂಜರಿಯುತ್ತದೆ.

ಹಗಲಿರುಳು ಓದಿ ಬರೆದುದರಿಂದ ಅವರ ದೃಷ್ಟಿ ಮಂದವಾಯಿತು, ಕೈಯ ಸ್ನಾಯುಗಳು ಸೋತವು. ಆಗಲೂ ಇತರರಿಂದ ಓದಿಸಿ, ಬರೆಸಿ ಕೆಲಸ ಮುಂದುವರಿಸಿದರು. ಕೊನೆಗೆ ಕುರುಡರಾಗಿ, ಕ್ರಿ.ಶ. 925ರಲ್ಲಿ ಹುಟ್ಟೂರಲ್ಲೇ ನಿಧನರಾದರು.

ವಾಚಕರೇ, ನೀವು ವೈದ್ಯರಾಗಿದ್ದರೆ ಮುಂದಿನ ರೋಗಿಯೊಡನೆ ಇನ್ನೊಂದು ಪ್ರಶ್ನೆ ಕೇಳಿ. ವೈದ್ಯರಲ್ಲದಿದ್ದರೂ ನಿಮ್ಮ ಮನೆಯಲ್ಲಿ ವೃದ್ಧ ತಾಯಿ ಇರಬಹುದು, ನೆರೆಯಲ್ಲಿ ಹಾಸಿಗೆ ಹಿಡಿದವರಿರಬಹುದು. ಅವರಾಗಿ ಹೇಳದ ನೋವೊಂದು ಅವರೊಳಗಿರಬಹುದು. ಇಂದು ಪಕ್ಕದಲ್ಲಿ ಕುಳಿತು ಕೇಳಿದಿರಾ? ಕೇಳಲು ಮರೆತಿದ್ದರೆ, ಅದನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ತಿದ್ದಿಕೊಳ್ಳುವ ಅವಕಾಶವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.